ಒರಿಜಿನಲ್ ಮಿಸ್

ನನ್ನ ಹೊಸ ಫೋನು ಕನ್ನಡ ಬಲ್ಲದು. ಅಂಗಡಿಯಲ್ಲಿದ್ದ ಹುಡುಗಿ "ಅಂಕಲ್, ಕನ್ನಡ ಹಾಕ್ಕೊಡ್ಲಾ?" ಎಂದು ಕೇಳಿದಳು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕನ್ನಡದ ಕರಡು ತಿದ್ದಿ ಅನ್ನ ತಿಂದವನು ಬೇಡ ಎನ್ನುವುದು ಹೇಗೆ? ಹಾಕಮ್ಮ ಎಂದೆ. ಮನೆಗೆ ಬಂದು ನೋಡಿದರೆ ಪರದೆಯ ಮೇಲೆ ‘ತಪ್ಪಿದ ಕರೆ’ ಎಂದಿತ್ತು. ಮಾಡಿದವರು ಯಾರೋ ರಾಂಗ್ ನಂಬರಿನವರು. ಆದರೂ ಆ ಎರಡು ಪದ ನೋಡಿ ನಾನು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತುಬಿಟ್ಟೆ.

ಮೊದಲು ಎದ್ದು ಕೂತದ್ದು ವೃತ್ತಿಯ ಚಾಳಿ. ಇದು ತಪ್ಪಿದ ಕರೆಯೋ, ತಪ್ಪಿಸಿದ ಕರೆಯೋ? ನಡುವೆ ಒಂದು ‘ಸಿ’ ಬಿಟ್ಟುಹೋಗಿರಬಹುದಲ್ಲ? ಕರಡಿನಲ್ಲಾಗಿದ್ದರೆ ಕೆಳಗೊಂದು ಹಂಸಪಾದ ಎಳೆದು, ಬಿಟ್ಟುಹೋದ ಅಕ್ಷರವನ್ನು ಮೇಲೆ ಬರೆದು ಮುಂದಕ್ಕೆ ಹೋಗುತ್ತಿದ್ದೆ. ಫೋನಿನ ಪರದೆಯ ಮೇಲೆ ಹಂಸಪಾದ ಎಳೆಯುವುದಕ್ಕೆ ಬರುವುದಿಲ್ಲ. ಬಹಳ ಹಿಂದೆ ನಡೆದುಹೋದದ್ದರ ಮೇಲೂ ಬರುವುದಿಲ್ಲ.

ಈ ‘ಮಿಸ್’ ಎನ್ನುವ ಇಂಗ್ಲಿಷ್ ಪದ ನಮ್ಮ ಕಡೆ ಮಾಡದ ಕೆಲಸವಿಲ್ಲ. ಮಾಗಡಿ ರಸ್ತೆಯಲ್ಲಿ ಲಾರಿಯೊಂದು ಮೊಣಕೈ ಸವರಿಕೊಂಡು ಹೋದರೆ "ಜಸ್ಟ್ ಮಿಸ್ಸು ಗುರು!" ಎಂದು ನಗುತ್ತಾರೆ. ಅದರಲ್ಲಿ ನಗುವಂಥದ್ದು ಏನಿದೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಕುರುಬರಹಳ್ಳಿಯ ಮೆಕ್ಯಾನಿಕ್ಕು ಒಮ್ಮೆ ನನ್ನ ಸ್ಕೂಟರಿಗೆ ಕಿವಿಗೊಟ್ಟು "ಮಿಸ್ಸಿಂಗ್ ಹೊಡೀತಾ ಇದೆ ಸಾರ್" ಎಂದ. ಏನು ಬಿದ್ದುಹೋಗಿದೆಯೋ ಎಂದು ನಾನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. "ಏನೂ ಬಿದ್ದಿಲ್ಲ ಸಾರ್, ಇಂಜಿನ್ ಆಗಾಗ ಒಂದೊಂದು ಏಟು ಬಿಡ್ತಾ ಇದೆ. ಓಡುತ್ತೆ, ಏನೂ ಆಗಲ್ಲ" ಎಂದ. ಆಗಾಗ ಒಂದೊಂದು ಏಟು ಬಿಟ್ಟುಕೊಂಡೂ ಓಡುತ್ತಲೇ ಇರುವುದು ಸ್ಕೂಟರೊಂದೇ ಅಲ್ಲ. ಅಕ್ಕ ನಾನು ಸೇರಿ ಬಸವೇಶ್ವರನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಡೆಸಿದ ಸಂಸಾರವೂ ಹಾಗೇ ಓಡುತ್ತಿತ್ತು.

ಅಕ್ಕ ಎಂದರೆ ವಿಮಲಾ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ ಮುಂಚೆಯೇ ಇರಲಿಲ್ಲ, ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಮ್ಮನೂ ಹೋದಳು. ಅಲ್ಲಿಂದ ಮುಂದೆ ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿದವಳು, ಬೆನ್ನಿಗೆ ಬಾರಿಸಿದವಳು ಎಲ್ಲ ಇವಳೇ. ತಮ್ಮನ ಓದು ಮುಗಿಯಲಿ ಎಂದು ಅವಳ ಮದುವೆ ಮುಂದಕ್ಕೆ ಹೋಯಿತು. ಓದು ಮುಗಿಯುವ ಹೊತ್ತಿಗೆ ಕೇಳಿಕೊಂಡು ಬರುವವರು ನಿಂತುಹೋಗಿದ್ದರು. ಅಕ್ಕ ಅದನ್ನು ದೊಡ್ಡದು ಮಾಡಿದವಳಲ್ಲ. ನಾನಂತೂ ಅದನ್ನು ಯೋಚಿಸಿದವನೇ ಅಲ್ಲ.

ಹೆಗ್ಗನಹಳ್ಳಿಯ ಒಂದು ಶೀಟಿನ ಮಾಡಿನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಅವಳು ಟೀಚರು. ಅಲ್ಲಿಯ ಮಕ್ಕಳಿಗೆ ‘ಮಿಸ್’ ಇಲ್ಲದೆ ವಾಕ್ಯ ಶುರುವೂ ಆಗುತ್ತಿರಲಿಲ್ಲ, ಮುಗಿಯುತ್ತಲೂ ಇರಲಿಲ್ಲ. "ಮಿಸ್, ಇವಳು ನನ್ನ ರಬ್ಬರ್ ತಗೊಂಡ್ಳು ಮಿಸ್." "ಮಿಸ್, ನಾನಲ್ಲ ಮಿಸ್." ಮಕ್ಕಳನ್ನು ನೋಡಿ ಹೂವಿನವಳು, ಗ್ಯಾಸಿನವನು, ಬಸ್ ಕಂಡಕ್ಟರು ಎಲ್ಲರೂ ಅವಳನ್ನು ಮಿಸ್ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಮೂರು ಮಕ್ಕಳ ತಾಯಿಯಾದ ಟೀಚರೂ ಅಲ್ಲಿ ಮಿಸ್ಸೇ. ಅಕ್ಕ ತಟ್ಟೆಗೆ ಸಾರು ಬಡಿಸುತ್ತ ಹೇಳುತ್ತಿದ್ದಳು: "ನಮ್ಮ ಸ್ಕೂಲಲ್ಲಿ ಹನ್ನೊಂದು ಮಿಸ್ ಇದೀವಿ ಕಣೋ. ಒರಿಜಿನಲ್ ನಾನೊಬ್ಬಳೇ." ಹೇಳಿ ಅವಳೇ ಮೊದಲು ನಗುತ್ತಿದ್ದಳು. ಜೊತೆಗೆ ನಾನೂ ನಗುತ್ತಿದ್ದೆ, ಸಾರು ಚೆನ್ನಾಗಿರುತ್ತಿತ್ತು.

ಒಮ್ಮೆ ಜ್ವರ ಬಂದು ಅಕ್ಕ ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ವಾಪಸ್ಸು ಹೋದ ದಿನ ಒಂದು ಹುಡುಗಿ ತನ್ನ ಕಾಪಿ ಪುಸ್ತಕದಲ್ಲಿ ‘ಐ ಮಿಸ್ ಮಿಸ್’ ಎಂದು ಬರೆದಿತ್ತು. ಅಕ್ಕ ಆ ಹಾಳೆಯನ್ನು ಕೇಳಿ ಇಸಕೊಂಡು ಮನೆಗೆ ತಂದು ನನ್ನ ಮುಂದೆ ಹಿಡಿದಳು. ನನಗೆ ಕಂಡದ್ದು ಒಂದೇ: ಪದ ಎರಡು ಸಲ ಬಂದಿದೆ. ಜೇಬಿನ ಕೆಂಪು ಪೆನ್ನು ತೆಗೆದು ಎರಡನೆಯ ಮಿಸ್ಸನ್ನು ಹೊಡೆಯಲು ಹೋದೆ. ಅಕ್ಕ ಹಾಳೆ ಕಿತ್ತುಕೊಂಡು "ನಿನ್ನ ತಲೆ! ಒಂದು ಮಿಸ್ ಆ ಮಗುಂದು, ಇನ್ನೊಂದು ನಾನು" ಎಂದಳು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು, ನಮ್ಮ ಮನೆಗೆ ಮೊಬೈಲು ಬಂತು. ಅವಳಿಗೊಂದು, ನನಗೊಂದು, ಎರಡೂ ಸೆಕೆಂಡ್ ಹ್ಯಾಂಡು. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರುತ್ತದೆ, ಆಗ ಫೋನು ಇದ್ದದ್ದು ಮಾತಾಡುವುದಕ್ಕಲ್ಲ, ಮಿಸ್ ಕಾಲ್ ಕೊಡುವುದಕ್ಕೆ. ಅಕ್ಕ ಟೀಚರಲ್ಲವೇ, ಬಂದ ದಿನವೇ ಅಡುಗೆಮನೆಯ ಬಾಗಿಲಿನ ಹಿಂದೆ ತೂಗುತ್ತಿದ್ದ ಕ್ಯಾಲೆಂಡರಿನ ಅಂಚಿನಲ್ಲಿ ನಿಯಮ ಬರೆದಳು.

"ನೋಡೋ ರಘು, ಒಂದು ಸಲ ರಿಂಗ್ ಕೊಟ್ಟು ಕಟ್ ಮಾಡಿದ್ರೆ ಸ್ಕೂಲ್ ತಲುಪಿದೀನಿ ಅಂತ. ಎರಡು ಸಲ ಕೊಟ್ರೆ ಕೊಡೆ ತಗೊಂಡು ಬಸ್ ಸ್ಟಾಪಿಗೆ ಬಾ. ಮೂರು ಸಲ ಕೊಟ್ರೆ ನಾನು ಲೇಟು, ನೀನೇ ಅನ್ನಕ್ಕಿಡು."

"ಮಾತಾಡ್ಬೇಕು ಅಂದ್ರೆ ಎಷ್ಟು ಸಲ?"

"ನಮ್ಮಿಬ್ಬರ ಮಧ್ಯೆ ಏನಪ್ಪ ಅಂಥಾ ಮಾತು? ಮನೇಗೆ ಬಂದು ಹೇಳ್ತೀನಿ. ಯಾವ ಕಾರಣಕ್ಕೂ ಎತ್ಬೇಡ."

ಮೊದಲ ದಿನವೇ ನಾನು ಅಭ್ಯಾಸಬಲದಿಂದ ಎತ್ತಿ ಹಲೋ ಎಂದೆ. "ಯಾಕೋ ಎತ್ತಿದೆ ದಡ್ಡ!" ಎಂದು ಬೈದು ಇಟ್ಟಳು. ಆಮೇಲೆ ಕಲಿತೆ. ಬೆಳಿಗ್ಗೆ ಎಂಟೂವರೆಗೆ ರಾಜಾಜಿನಗರದ ಪ್ರೆಸ್ಸಿನಲ್ಲಿ ನನ್ನ ಮೇಜಿನ ಮೇಲೆ ಫೋನು ಒಂದೇ ಒಂದು ಸಲ ಕೂಗಿ ಸುಮ್ಮನಾಗುತ್ತಿತ್ತು. ಅಕ್ಕ ತಲುಪಿದಳು ಎಂದುಕೊಂಡು ನಾನು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ.

ಆ ಶಾಲೆಗೆ ಒಬ್ಬರು ಲೆಕ್ಕದ ಮಾಸ್ತರು ಬಂದರು. ಈರಣ್ಣ ಎಂದು ಹೆಸರು, ಗದಗದ ಕಡೆಯವರು, ಹೆಂಡತಿ ತೀರಿಕೊಂಡಿದ್ದರು. ಸುಂಕದಕಟ್ಟೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ಅವರ ಸುದ್ದಿಯನ್ನೂ ಅಕ್ಕ ಸಾರಿನ ಜೊತೆಗೇ ಬಡಿಸಿದಳು. "ಅವರ ಕಡೆ ಟೀಚರಿಗೆ ಅಕ್ಕೋರು ಅಂತಾರಂತೆ ಕಣೋ. ಎಲ್ಲರೂ ಮಿಸ್ ಅಂದ್ರೆ ಇವರೊಬ್ಬರು ‘ಅಕ್ಕೋರ, ಚಾಕ್‌ಪೀಸ್ ಐತೇನ್ರಿ?’ ಅಂತಾರೆ." ಕೆಲವು ತಿಂಗಳು ಊಟಕ್ಕೆ ಕೂತಾಗಲೆಲ್ಲ ಅಕ್ಕೋರ ಹೀಗೆ, ಅಕ್ಕೋರ ಹಾಗೆ. ಆಮೇಲೆ ಒಂದು ದಿನ ಅವಳು ಹೇಳಿದ ಮಾತಿನಲ್ಲಿ ಆ ಮಾಸ್ತರು "ವಿಮಲಾ ಅವರ, ನೀವರ ಹೇಳ್ರಿ" ಎಂದಿದ್ದರು. ಅಕ್ಕೋರ ಹೋಗಿ ವಿಮಲಾ ಅವರ ಬಂದಿತ್ತು. ಒಂದು ಪದ ಬದಲಾದರೆ ಪುಟದ ಆ ತುದಿಯಿಂದ ಗುರುತಿಸುವ ಕಣ್ಣು ನನ್ನದು. ಗುರುತಿಸಿದೆ. ಗುರುತಿಸಿ ಮಜ್ಜಿಗೆ ಬಡಿಸು ಎಂದೆ.

ಒಂದು ಸಂಜೆ ಕಾಗದದ ವ್ಯಾಪಾರಿಯ ಹತ್ತಿರ ಹೋಗಬೇಕಾಗಿ ಸುಂಕದಕಟ್ಟೆಯ ಕಡೆ ಸ್ಕೂಟರಿನಲ್ಲಿ ಹೋಗಿದ್ದೆ. ಬಸ್ ಸ್ಟಾಪಿನಲ್ಲಿ ಅಕ್ಕ ನಿಂತಿದ್ದಳು. ಪಕ್ಕದಲ್ಲಿ ಎತ್ತರದ, ತೋಳು ಮಡಿಚಿದ ಬಿಳಿ ಅಂಗಿಯ ಒಬ್ಬರು ಕಡಲೆಕಾಯಿಯ ಪೊಟ್ಟಣ ಹಿಡಿದಿದ್ದರು. ನಮ್ಮ ಕಡೆಯ ಬಸ್ಸು ಬಂತು, ಹೋಯಿತು. ಅಕ್ಕ ಹತ್ತಲಿಲ್ಲ. ಇನ್ನೊಂದು ಬಂತು, ಅದೂ ಹೋಯಿತು. ಅವರೇನೋ ಹೇಳಿದರು, ಅಕ್ಕ ತಲೆ ಹಿಂದಕ್ಕೆ ಹಾಕಿ ನಕ್ಕಳು. ಮನೆಯಲ್ಲಿ ಅವಳು ನಗುತ್ತಿದ್ದಳು ಎಂದೆನಲ್ಲ, ಆ ನಗು ಇದಲ್ಲ. ಇಷ್ಟು ವರ್ಷದಲ್ಲಿ ಇದನ್ನು ನಾನು ನೋಡಿಯೇ ಇರಲಿಲ್ಲ. ನಾನು ಗಾಡಿ ತಿರುಗಿಸಿಕೊಂಡು ಮನೆಗೆ ಬಂದೆ. ಗಂಟೆಯ ಮೇಲೆ ಅವಳು ಬಂದು "ಬಸ್ ಮಿಸ್ ಆಯ್ತು ಕಣೋ" ಎಂದಳು. "ಓಹೋ" ಎಂದೆ. ಅಕ್ಕ ನನಗೆ ಹೇಳಿದ ಸುಳ್ಳು ನನಗೆ ಗೊತ್ತಿರುವಂತೆ ಅದೊಂದೇ.

ಬೇಸಿಗೆ ರಜೆಗೆ ಮುಂಚಿನ ಕೊನೆಯ ಶನಿವಾರ. ಪ್ರೆಸ್ಸಿನಲ್ಲಿ ಮದುವೆಯ ಕಾಗದಗಳ ಸುಗ್ಗಿ. ನಾನು ಯಾರದೋ ಚಿ. ಕುಂ. ಸೌ. ಎಂಬಲ್ಲಿ ಚುಕ್ಕಿಗಳನ್ನು ಸರಿಮಾಡಿ, ‘ಕುಟುಂಬ ಸಮೇತರಾಗಿ ತಪ್ಪದೆ ಆಗಮಿಸಿ’ ಎಂಬ ಸಾಲಿಗೆ ಬಂದಿದ್ದೆ. ಹತ್ತೂವರೆಯ ಸುಮಾರು, ಫೋನು ಕೂಗಿತು. ಅಕ್ಕನ ನಂಬರು. ಬೆಳಗಿನ ‘ತಲುಪಿದೆ’ ಆಗಲೇ ಬಂದಾಗಿತ್ತು. ಅವಳು ಕಟ್ ಮಾಡುತ್ತಾಳೆ ಎಂದು ನೋಡಿದೆ. ಮಾಡಲಿಲ್ಲ. ಎರಡನೆಯ ಸಲ ಕೂಗಿತು, ಮೂರನೆಯ ಸಲ, ನಾಲ್ಕು, ಐದು. ನಿಲ್ಲದೆ ಒಂದೇ ಕರೆ.

ಪಕ್ಕದ ಕಂಪ್ಯೂಟರಿನಲ್ಲಿ ಡಿಟಿಪಿ ಮಾಡುತ್ತಿದ್ದ ಶಾಂತಾ "ರಘು ಸರ್, ಫೋನ್ ಬಡ್ಕೋತಾ ಇದೆ" ಎಂದಳು.

"ಮಿಸ್ ಕಾಲ್ ಬಿಡಿ" ಎಂದೆ.

"ಇಷ್ಟುದ್ದ ಮಿಸ್ ಕಾಲಾ?"

ಇಷ್ಟುದ್ದದ ಮಿಸ್ ಕಾಲ್ ಇರುವುದಿಲ್ಲ ಎಂದು ನನಗೂ ಗೊತ್ತಿತ್ತು. ಅದು ಏನು ಎಂಬುದೂ ಗೊತ್ತಿತ್ತು. ಇಂಥದ್ದೇ ಮಾತು ಎಂದು ಯಾರೂ ಹೇಳಿರಲಿಲ್ಲ, ಆದರೆ ಕಡಲೆಕಾಯಿ ಪೊಟ್ಟಣ ನೋಡಿದವನಿಗೆ ಹೇಳಬೇಕಾಗಿಯೂ ಇರಲಿಲ್ಲ. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಬಂದದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಮೊದಲು ಬಂದದ್ದು ಬೆಳಗಿನ ತಿಂಡಿ. ಆಮೇಲೆ ಇಸ್ತ್ರಿಯಾಗದ ಅಂಗಿಗಳು. ಆಮೇಲೆ ಸಂಜೆ ಬೀಗ ಹಾಕಿರುವ ಮನೆ, ಬೀಗ ತೆಗೆದು ಕತ್ತಲೆಯ ಒಳಗೆ ಹೋಗಿ ದೀಪ ಹಾಕಬೇಕಾದವನು ನಾನು. ಮೂವತ್ತು ವರ್ಷದ ಗಂಡಸು, ಅಮ್ಮ ಹೋದ ದಿನ ಹೆದರಿದಷ್ಟೇ ಹೆದರಿದೆ. ಫೋನು ತಾನಾಗಿ ನಿಲ್ಲುವವರೆಗೂ ಕೈಯನ್ನು ಮೇಜಿನ ಮೇಲೆ ಅದರ ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದೆ. ಆಮೇಲೆ ‘ತಪ್ಪದೆ’ ಎಂಬ ಪದದಲ್ಲಿ ಒತ್ತು ಸರಿಯಾಗಿದೆಯೇ ಎಂದು ನೋಡಿದೆ. ಸರಿಯಾಗಿಯೇ ಇತ್ತು.

ಸಂಜೆ ಅಕ್ಕ ಎಂದಿನಂತೆ ಬಂದಳು, ಎಂದಿನಂತೆ ಕುಕ್ಕರ್ ಇಟ್ಟಳು.

"ಬೆಳಿಗ್ಗೆ ಫೋನ್ ಮಾಡಿದ್ಯಾ?" ಎಂದು ಕೇಳಿದೆ.

"ಹೂಂ... ಕೈ ತಾಗಿರ್ಬೇಕು."

"ಮಿಸ್ ಕಾಲ್ ಅನ್ಕೊಂಡೆ."

"ಮಿಸ್ ಕಾಲೇ ಬಿಡು" ಎಂದಳು.

ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಈರಣ್ಣ ಮಾಸ್ತರು ಬರಲಿಲ್ಲ. ಊರ ಕಡೆಯೇ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತಂತೆ ಎಂದು ಅಕ್ಕ ಒಂದು ದಿನ ಹೇಳಿದಳು. ಆಮೇಲೆ ಅವರ ಹೆಸರು ನಮ್ಮ ಊಟದ ಹೊತ್ತಿಗೆ ಬರಲಿಲ್ಲ. ನಾನು ನೆಮ್ಮದಿಯಾಗಿ ತಿಂಡಿ ತಿಂದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟೆ. ಎರಡೇ ವರ್ಷಕ್ಕೆ ಮದುವೆಯೂ ಆದೆ. ಹುಡುಗಿಯನ್ನು ಹುಡುಕಿದವಳು ಅಕ್ಕನೇ. ನನ್ನ ಹೆಂಡತಿ ಉಷಾ ಬಂದ ಮೇಲೆ ಆ ಮನೆಗೆ ಸಂಜೆ ಬೀಗ ಹಾಕಿರುತ್ತಲೇ ಇರಲಿಲ್ಲ. ಹೆದರಿದ್ದಕ್ಕೆ ಒಂದು ಕಾರಣವಾದರೂ ಉಳಿಯಲಿ ಎಂದರೆ ಅದೂ ಉಳಿಯಲಿಲ್ಲ.

ಅವರೆಕಾಯಿಯ ಕಾಲದಲ್ಲಿ ಒಂದು ಭಾನುವಾರ, ಅಕ್ಕ ನಾನು ಹೊಸ್ತಿಲ ಬಳಿ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆವು. ಹೆಬ್ಬೆರಳಿನಿಂದ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಬಟ್ಟಲಿಗೆ ಬೀಳಬೇಕು. ಅಕ್ಕನದು ಬಟ್ಟಲಿಗೇ ಬೀಳುತ್ತಿತ್ತು, ನನ್ನದು ಬೀದಿಗೆ. "ಅದೂ ಮಿಸ್ಸು" ಎಂದು ಅಕ್ಕ ನಕ್ಕಳು. ನಗು ನಿಂತ ಮೇಲೆ "ರಘು, ಒಂದು ತಮಾಷೆ ಹೇಳ್ತೀನಿ" ಎಂದಳು.

ಆ ಶನಿವಾರದ ಇಂಟರ್‌ವೆಲ್ಲಿನಲ್ಲಿ ಈರಣ್ಣ ಮಾಸ್ತರು ಅವಳನ್ನು ಕೇಳಿದ್ದರು. ‘ಇವತ್ತು ಸಂಜೀಕ ಊರಿಗೆ ಹೊಂಟೀನ್ರಿ. ನೀವು ಹೂಂ ಅಂದ್ರ ಅವ್ವಗ ಹೇಳಿ ಬರ್ತೀನಿ. ಇಲ್ಲಂದ್ರ ಅಲ್ಲೇ ಇದ್ದುಬಿಡ್ತೀನಿ’ ಎಂದಿದ್ದರಂತೆ.

"ನಿಂಗೆ ಮಾಡಿದೆ. ಪೂರ್ತಿ ರಿಂಗ್ ಆಯ್ತು. ಅಷ್ಟರಲ್ಲಿ ಬೆಲ್ ಹೊಡೆದ್ರು. ಮನೇಲಿ ಆಗಲ್ಲ ಸರ್ ಅಂದ್ಬಿಟ್ಟೆ."

ನನ್ನ ಬೆರಳಿನಲ್ಲಿದ್ದ ಕಾಳು ಹಾಗೇ ಇತ್ತು. "ನನ್ನನ್ನ ಯಾಕೆ ಕೇಳ್ಬೇಕಿತ್ತಕ್ಕ? ಹೂಂ ಅನ್ಬೇಕಿತ್ತು."

"ಕೇಳೋಕಲ್ಲ ಕಣೋ. ನಿನ್ನ ದನಿ ಕೇಳಿದ್ರೆ ಸ್ವಲ್ಪ ಧೈರ್ಯ ಬರ್ತಿತ್ತು, ಅಷ್ಟೇ."

"ಇನ್ನೊಂದು ಸಲ ಮಾಡಬಹುದಿತ್ತಲ್ಲಕ್ಕ?"

"ಎರಡನೇ ಸಲ ಮಾಡಿದ್ರೆ ನೀನು ಕೊಡೆ ಹಿಡ್ಕೊಂಡು ಬಸ್ ಸ್ಟಾಪಿಗೆ ಬಂದ್ಬಿಡ್ತಿದ್ದೆ!" ಎಂದು ಅಕ್ಕ ನಕ್ಕಳು. ನಗುತ್ತಲೇ ಇದ್ದಳು, ಬಟ್ಟಲು ಅಲುಗಾಡಿ ಬೇಳೆ ಚೆಲ್ಲುವಷ್ಟು. ಆಮೇಲೆ ನನ್ನ ಮುಖ ನೋಡಿ, ಒದ್ದೆ ಕೈಯಲ್ಲೇ ತಲೆ ಸವರಿ, "ಅಯ್ಯೋ, ನೀನ್ಯಾಕೋ ಅಳ್ತೀಯ? ಎತ್ಬೇಡ ಅಂತ ರೂಲ್ಸ್ ಮಾಡಿದವಳು ನಾನೇ ಅಲ್ವಾ? ಮಿಸ್ ಆಯ್ತು, ಹೋಗ್ಲಿ ಬಿಡು" ಎಂದಳು.

ಆಗಲಾದರೂ ಹೇಳಬೇಕಿತ್ತು. ಅಕ್ಕ, ಅದು ಮಿಸ್ ಆಗಲಿಲ್ಲ, ನಾನು ಮಿಸ್ ಮಾಡಿದೆ ಎಂದು. ನಮ್ಮ ಕನ್ನಡ ಎಷ್ಟು ಕಟ್ಟುನಿಟ್ಟು ನೋಡಿ. ಇಂಗ್ಲಿಷಿನ ಪದ ಎರವಲು ತಂದರೂ ಅದರ ಬೆನ್ನಿಗೆ ‘ಆಯ್ತು’ ಎನ್ನುತ್ತೀಯೋ ‘ಮಾಡಿದೆ’ ಎನ್ನುತ್ತೀಯೋ ಎಂದು ಕೇಳದೆ ಬಿಡುವುದಿಲ್ಲ. ಬಸ್ಸು ಕೈಬಿಟ್ಟುಹೋಗುವುದಕ್ಕೂ, ನಾವು ಮಾಡುವ ಅಪರಾಧಕ್ಕೂ ಕನ್ನಡದಲ್ಲಿ ಇರುವುದು ಒಂದೇ ಪದ, ‘ತಪ್ಪು’. ನಾನು ಹೇಳಲಿಲ್ಲ. ಅವರೆಕಾಳಿನ ಹೊಟ್ಟು ಬಳಿದುಕೊಂಡು ಎದ್ದುಹೋದೆ. ಅಕ್ಕ ಹಿಂದಿನಿಂದ "ಕಣ್ಣಿಗೆ ಕೈ ಹಾಕ್ಕೋಬೇಡ, ಉರಿಯುತ್ತೆ" ಎಂದಳು.

ಮುಂದಿನ ಮಳೆಗಾಲದಲ್ಲಿ ಅಕ್ಕನಿಗೆ ಡೆಂಗ್ಯೂ ಬಂತು. ಸಾಮಾನ್ಯ ಜ್ವರ ಎಂದು ಮಲಗಿದವಳು ಆರನೆಯ ದಿನ ಇರಲಿಲ್ಲ. ಹೇಳುತ್ತೇನೆ, ಇವತ್ತು ಹೇಳುತ್ತೇನೆ, ಸ್ವಲ್ಪ ಜ್ವರ ಇಳಿಯಲಿ ಎಂದು ನಾನು ಮಂಚದ ಪಕ್ಕದಲ್ಲಿ ಕೂತಿದ್ದೆ. ಇಳಿಯಲಿಲ್ಲ. ಮಿಸ್ ಆಯ್ತು, ಮಿಸ್ ಮಾಡಿದೆ ಎನ್ನುವುದರ ಜೊತೆಗೆ ಮೂರನೆಯದೊಂದು ಇದೆ, ಮಿಸ್ ಮಾಡ್ಕೊಂಡೆ. ಅದು ಕಳೆದುಕೊಂಡೆ ಎಂದೂ ಆಗುತ್ತದೆ, ನೆನೆದು ಸಂಕಟಪಟ್ಟೆ ಎಂದೂ ಆಗುತ್ತದೆ. ಕಾಪಿ ಪುಸ್ತಕದ ಆ ಹಾಳೆ ಅಕ್ಕನ ಟ್ರಂಕಿನಲ್ಲಿ ಸಿಕ್ಕಿತು. ಪದ ಎರಡು ಸಲ ಬಂದದ್ದು ಸರಿಯಾಗಿಯೇ ಇತ್ತು.

ಉತ್ತರಕ್ರಿಯೆಯ ಕಾರ್ಡು ನಮ್ಮ ಪ್ರೆಸ್ಸಿನಲ್ಲೇ ಆಯಿತು. ಶಾಂತಾ ಅಳುತ್ತಲೇ ಕಂಪೋಸು ಮಾಡಿ ಕರಡು ನನ್ನ ಮೇಜಿನ ಮೇಲಿಟ್ಟಳು. ಕೈ ಅಭ್ಯಾಸದಲ್ಲಿ ‘ಶ್ರೀಮತಿ ವಿಮಲಾ’ ಎಂದು ಬಂದಿತ್ತು. ನಾನು ಕೆಂಪು ಪೆನ್ನಿನಲ್ಲಿ ಶ್ರೀಮತಿಯನ್ನು ಹೊಡೆದೆ. ನಿಯಮದ ಪ್ರಕಾರ ಅಲ್ಲಿ ‘ಕುಮಾರಿ’ ಬರಬೇಕು. ಕು ಎಂದು ಬರೆದು ಅಲ್ಲೇ ನಿಂತೆ. ನಲವತ್ತು ದಾಟಿದ, ತಲೆಯಲ್ಲಿ ಅರ್ಧ ಬಿಳಿಯಾದ ಅಕ್ಕನನ್ನು ಕುಮಾರಿ ಎನ್ನಲು ಕೈ ಬರಲಿಲ್ಲ. ಅದನ್ನೂ ಹೊಡೆದೆ. ಹೆಸರು ಮುಗಿದಲ್ಲಿ ಒಂದು ಹಂಸಪಾದ ಎಳೆದು, ಮೇಲೆ ‘ಮಿಸ್’ ಎಂದು ಬರೆದೆ. ವಿಮಲಾ ಮಿಸ್.

ಹನ್ನೊಂದನೆಯ ದಿನ ಶಾಲೆಯ ಮಕ್ಕಳು ಸಾಲಾಗಿ ಬಂದು, ಫೋಟೋದ ಮುಂದೆ ಹೂವಿಟ್ಟು, ಅಭ್ಯಾಸದಂತೆ "ಬರ್ತೀವಿ ಮಿಸ್" ಎಂದು ಹೇಳಿ ಹೋದರು. ಊಟವಾದ ಮೇಲೆ ನಮ್ಮ ಸೋದರಮಾವ ಕಾರ್ಡನ್ನು ಕನ್ನಡಕದ ಹತ್ತಿರ ಹಿಡಿದು ನನ್ನನ್ನು ಪಕ್ಕಕ್ಕೆ ಕರೆದರು.

"ಏನೋ ರಘು, ಸತ್ತವರ ಕಾರ್ಡಲ್ಲಿ ಮಿಸ್ ಅಂತ ಇಂಗ್ಲಿಷ್ ಹಾಕಿದೀಯ? ತಪ್ಪಲ್ವೇನೋ ಇದು?"

"ಹೌದು ಮಾವ" ಎಂದೆ. "ತಪ್ಪು ನಂದೇ."

ನನ್ನ ದನಿ ಹೇಗಿತ್ತೋ, ಅವರು ಕಾರ್ಡನ್ನು ಮಡಿಚಿ ಜೇಬಿಗೆ ಹಾಕಿಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟರು.

"ಹೋಗ್ಲಿ ಬಿಡಪ್ಪ" ಎಂದರು. "ಅಚ್ಚಾದ್ಮೇಲೆ ಇನ್ನೇನು ತಿದ್ದೋಕಾಗುತ್ತೆ."